ವಾಂತಿ ಮಾತ್ರೆ: ನುಂಗೋದಾ, ಬಾಯಲ್ಲಿ ಕರಗೋದಾ, ನಾಲಿಗೆ ಮೇಲಿಡೋ ಫಿಲ್ಮಾ?

ಅವ್ವನಿಗೆ ಕೀಮೋ ಶುರುವಾದ ಮೇಲೆ ನಮ್ಮ ಮನೆಗೆ ಒಂಡಾನ್ಸೆಟ್ರಾನ್ ಎಲ್ಲ ರೂಪದಲ್ಲೂ ಬಂದಿದೆ. ನೀರಿನ ಜೊತೆ ನುಂಗುವ ಮಾತ್ರೆ, ಸಿರಪ್, ಬಾಯಲ್ಲೇ ಕರಗುವ ಎಂಡಿ ಮಾತ್ರೆ, ಆಮೇಲೆ ನಾಲಿಗೆ ಮೇಲಿಡುವ ಫಿಲ್ಮ್. ಔಷಧಿ ಒಂದೇ, ಕೆಲಸವೂ ಒಂದೇ, ವಾಂತಿ ತಡೆಯೋದು. ಆದರೆ ಕಾಯಿಲೆಯವರನ್ನು ಕರೆದುಕೊಂಡು ಮಂಡ್ಯದಿಂದ ಮೈಸೂರಿಗೆ ಓಡಾಡುವ ನಮ್ಮಂಥವರಿಗೆ ಅದು ಯಾವ ರೂಪದಲ್ಲಿದೆ ಅನ್ನೋದು ತುಂಬಾ ಮುಖ್ಯ. ಮೊದಲೇ ಹೇಳಿಬಿಡುತ್ತೇನೆ, ನನಗೆ ಫಿಲ್ಮೇ ಇಷ್ಟ. ದುಡ್ಡು ಜಾಸ್ತಿ, ಕೇಳಿದ ತಕ್ಷಣ ಸಿಗಲ್ಲ, ಆದರೂ.

ನುಂಗುವ ಮಾತ್ರೆಯ ತೊಂದರೆ ಮಾತ್ರೆಯದಲ್ಲ, ನೀರಿನದು. ಕೀಮೋ ಆದ ಮಾರನೇ ದಿನ ಅವ್ವನಿಗೆ ನೀರಿನ ಲೋಟ ಕಂಡರೇ ಓಕರಿಕೆ. ಅರ್ಧ ಲೋಟ ಕುಡಿದರೆ ಮಾತ್ರೆ ಸಮೇತ ಹೊರಗೆ ಬರುತ್ತಿತ್ತು. ಆಮೇಲೆ ಇನ್ನೊಂದು ಪೇಚಾಟ. ಮಾತ್ರೆ ಕರಗಿತ್ತಾ, ಇಲ್ವಾ? ಇನ್ನೊಂದು ಕೊಡಬಹುದಾ? ಬೇಸಿನ್ನಿಗೆ ಮೊಬೈಲ್ ಟಾರ್ಚ್ ಹಿಡಿದು ಬಿಳಿ ಚೂರು ಕಾಣುತ್ತಾ ಅಂತ ಹುಡುಕಿದ್ದೇನೆ. ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ, ರಾತ್ರಿ ಯಾರೂ ಸಿಗಲ್ಲ. ಓಕರಿಕೆ ಅಷ್ಟಿಲ್ಲದವರಿಗೆ ಈ ಮಾತ್ರೆಯೇ ಸಾಕು. ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಬೆಲೆಯೂ ಕಡಿಮೆ.

ಸಿರಪ್ ಮಕ್ಕಳಿಗೆ ಸರಿ. 5 ಎಂಎಲ್‌ಗೆ 2 ಮಿಲಿಗ್ರಾಂ ಇರುತ್ತದೆ. ಅವ್ವನಿಗೆ ಬರೆದಿದ್ದು 8 ಮಿಲಿಗ್ರಾಂ. ಅಂದರೆ 20 ಎಂಎಲ್ ಸಿಹಿ ಸಿರಪ್ ಕುಡಿಯಬೇಕು. ಓಕರಿಸುವ ಹೊಟ್ಟೆಗೆ ಅದು ಆಗದ ಮಾತು.

ಎಂಡಿ ಮಾತ್ರೆ ಒಳ್ಳೆಯದೇ. ನೀರು ಬೇಡ, ಮಂಡ್ಯದ ಯಾವ ಮೆಡಿಕಲ್ಸ್‌ನಲ್ಲೂ ಸಿಗುತ್ತದೆ. ಆದರೆ ಬೇಗ ಕರಗಲಿ ಅಂತ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅವಸರದಲ್ಲಿ ಹಿಂದಿನಿಂದ ಒತ್ತಿದರೆ ಪುಡಿಯಾಗಿಯೇ ಬರುತ್ತದೆ. ಫಾಯಿಲ್ ಬಿಡಿಸಿ ತೆಗೆಯಬೇಕು. ಅಂಗಡಿಯವರು ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ತಾರೀಖು ಉಳಿದ ತುಂಡಿನಲ್ಲೇ ಹೋಗುತ್ತದೆ. ಇನ್ನು ಅವ್ವನ ದೂರು ಬೇರೆ. ಕರಗಿದ ಮೇಲೂ ಬಾಯಲ್ಲಿ ಹಿಟ್ಟು ಹಿಟ್ಟು, ಉಗಿಯೋಣ ಅನ್ನಿಸುತ್ತೆ ಅಂತಾಳೆ.

ಈಗ ಫಿಲ್ಮ್. ಅಂಚೆ ಚೀಟಿಯಷ್ಟು ದೊಡ್ಡದು, ಅದಕ್ಕಿಂತ ತೆಳು. ನೀರಿನಲ್ಲಿ ಕರಗುವ ಪಾಲಿಮರ್ ಜೊತೆ ಔಷಧಿ, ಸಿಹಿ, ಬಾಗಿದರೆ ಮುರಿಯದ ಹಾಗೆ ಗ್ಲಿಸರಿನ್‌ನಂಥದ್ದು ಸೇರಿಸಿ, ತೆಳ್ಳಗೆ ಹರಡಿ, ಒಣಗಿಸಿ ಕತ್ತರಿಸುತ್ತಾರೆ. ಅಷ್ಟು ತೆಳುವಿನಲ್ಲಿ ಹಿಡಿಸುವ ಔಷಧಿ ಸ್ವಲ್ಪವೇ. 8 ಮಿಲಿಗ್ರಾಂ ಒಂಡಾನ್ಸೆಟ್ರಾನ್ ಹಿಡಿಸುತ್ತದೆ, 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಹಿಡಿಸಲ್ಲ. ಅಮೆರಿಕದಲ್ಲಿ ಒಂಡಾನ್ಸೆಟ್ರಾನ್ ಫಿಲ್ಮ್‌ಗೆ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಮೊದಲ ಸಲ ಕೊಟ್ಟಾಗ ಅವ್ವ, "ಇದೇನಪ್ಪ, ಕಾಗದ ತಿನ್ನಿಸ್ತಾ ಇದ್ದೀಯಲ್ಲ" ಅಂದಳು. ಮಾತು ಮುಗಿಯುವಷ್ಟರಲ್ಲಿ ಅರ್ಧ ಕರಗಿತ್ತು.

ಇದರ ಒಂದೇ ಒಂದು ಕಿರಿಕಿರಿ ಚೆನ್ನಾಗಿಯೇ ಕಾಡಿಸಿತು. ಫಿಲ್ಮ್‌ಗೆ ತೇವ ಕಂಡರಾಗಲ್ಲ. ಅದಕ್ಕೇ ಒಂದೊಂದನ್ನೂ ಬೇರೆ ಬೇರೆ ಫಾಯಿಲ್ ಪೌಚ್‌ನಲ್ಲಿ ಹಾಕಿರುತ್ತಾರೆ. ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು ಅಂದರೆ ನನ್ನ ಕೈ ಬೆವರುತ್ತದೆ. ಬೆವರಿದ ಬೆರಳಲ್ಲಿ ಮುಟ್ಟಿದ್ದೇ ತಡ, ಫಿಲ್ಮ್ ಅಂಚು ಬೆರಳಿಗೆ ಅಂಟಿ ಸುರುಳಿಯಾಗುತ್ತದೆ. ಹಲ್ಲಲ್ಲಿ ಪೌಚ್ ಹರಿದರೆ ಎಂಜಲು ತಾಗುತ್ತದೆ. ಪಕ್ಕದಲ್ಲಿ ಕಚ್ಚು ಮಾಡಿರುವ ಜಾಗದಿಂದಲೇ, ಒಣಗಿದ ಕೈಯಲ್ಲಿ ನಿಧಾನಕ್ಕೆ ಹರಿಯಬೇಕು. ಈಗ ಕರ್ಚೀಫು ಮತ್ತು ಪೌಚ್ ಒಂದೇ ಜೇಬಲ್ಲಿ ಇಟ್ಟುಕೊಳ್ಳುತ್ತೇನೆ.

ಬಾಯಿಯ ಕಡೆ ಇದಕ್ಕೆ ತದ್ವಿರುದ್ಧ. ಅಲ್ಲಿ ತೇವ ಬೇಕೇ ಬೇಕು. ಕೀಮೋ ಆದವರಿಗೆ ಬಾಯಿ ಒಣಗುತ್ತದೆ. ಒಣ ನಾಲಿಗೆ ಮೇಲಿಟ್ಟರೆ ಕರಗುವ ಬದಲು ಹೋಗಿ ಅಂಗುಳಿಗೆ ಅಂಟಿಕೊಳ್ಳುತ್ತದೆ. ಅವ್ವ ಬೆರಳು ಹಾಕಿ ಬಿಡಿಸಲು ಹೋಗಿ, ಅದರಿಂದಲೇ ಓಕರಿಕೆ ಬಂತು. ಈಗ ಮೊದಲು ಬಾಯಿ ಮುಕ್ಕಳಿಸಿ ಉಗುಳಿಸುತ್ತೇನೆ. "ನಾಲಿಗೆ ಚಾಚವ್ವ" ಅಂತ ನಡುವೆ ಇಟ್ಟು ಬಾಯಿ ಮುಚ್ಚಿಸುತ್ತೇನೆ. ಅಗಿಯೋದು ಬೇಡ, ಎಂಜಲು ನುಂಗಿದರೆ ಸಾಕು. ಬಾಯಿ ಹುಣ್ಣು ಇದ್ದ ದಿನ ಪುದೀನ ರುಚಿ ಸ್ವಲ್ಪ ಉರಿಯುತ್ತದೆ ಅಂದಳು. ಅಂಥ ದಿನ ಎಂಡಿ ಕೊಟ್ಟೆ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಬಾಯಲ್ಲಿ ಕ್ಷಣದಲ್ಲಿ ಕರಗಿತು ಅಂದ ಮಾತ್ರಕ್ಕೆ ಕ್ಷಣದಲ್ಲಿ ವಾಂತಿ ನಿಲ್ಲಲ್ಲ. ಕರಗಿದ ಔಷಧಿ ಎಂಜಲಿನ ಜೊತೆ ಹೊಟ್ಟೆಗೇ ಹೋಗಿ, ಅಲ್ಲಿಂದ ರಕ್ತಕ್ಕೆ ಸೇರಬೇಕು, ಮಾತ್ರೆಯ ಹಾಗೆಯೇ. ಹಾಗಾಗಿ ಓಕರಿಕೆ ಏರುವ ಮೊದಲೇ, ಡಾಕ್ಟರ್ ಬರೆದ ಹೊತ್ತಿಗೇ ಕೊಡಿ. ತಲೆನೋವು, ಮಲಬದ್ಧತೆ ಇದರಲ್ಲೂ ಬರುತ್ತವೆ, ಮಾತ್ರೆಯಲ್ಲೂ ಬರುತ್ತವೆ. ಹೃದಯದ ತೊಂದರೆ ಇರುವವರು ಡಾಕ್ಟರಿಗೆ ಹೇಳದೆ ಯಾವ ರೂಪದಲ್ಲೂ ತೆಗೆದುಕೊಳ್ಳಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿ, ನೋಡಲು ಬಾಯಿ ಪರಿಮಳದ ಸ್ಟ್ರಿಪ್ ಹಾಗೇ ಇದೆ.

ಸಿಗೋದು ಕಷ್ಟ. ನಮ್ಮ ಬೀದಿಯ ಮೆಡಿಕಲ್ಸ್ ಹುಡುಗ, "ಅಣ್ಣ, ಅದು ಇಲ್ಲಿ ಓಡಲ್ಲ, ಹೇಳಿದ್ರೆ ತರಿಸ್ಕೊಡ್ತೀನಿ" ಅಂದ. ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗಳ ಎದುರಿನ ಅಂಗಡಿಗಳಲ್ಲಿ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಎಲ್ಲ ಡೋಸಿಗೂ ಫಿಲ್ಮೇ ಕೊಡುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಮೈಸೂರಿನಿಂದ ವಾಪಸ್ ಬರುವ ದಾರಿಗೆ, ಆ ರಾತ್ರಿಗೆ, ಮಾರನೇ ದಿನಕ್ಕೆ ಫಿಲ್ಮ್. ಅವ್ವ ಎದ್ದು ಕೂತು ಗಂಜಿ ಕುಡಿಯುವಂತಾದ ಮೇಲೆ ಎಂಡಿ. ಮುಂದಿನ ಸಲಕ್ಕೆ ಬೇಕಾದ ಪೌಚ್‌ಗಳನ್ನು ಆ ಹುಡುಗನಿಗೆ ಆಗಲೇ ಹೇಳಿಟ್ಟಿದ್ದೇನೆ.