ಸಾಲ್ಮನ್ ಕಣಿವೆಗೆ ಎಲ್ಕ್ ಬೇಟೆಗೆ ಹೊರಟಿದ್ದೀರಾ? ಮಾಂಸ ಹೊರುವವನ ಲೈಸೆನ್ಸ್ ಮೊದಲು ನೋಡಿ

ಈ ಸೆಪ್ಟೆಂಬರ್‌ಗೆ ಅಮೆರಿಕದ ಐಡಹೊ ರಾಜ್ಯದ ಸಾಲ್ಮನ್ ನದಿ ಕಣಿವೆಗೆ ಬಿಲ್ಲು ಹಿಡಿದು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುವ ಯೋಚನೆ ಇದ್ದರೆ, ಯಾರಿಗಾದರೂ ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ. ಅದರಲ್ಲೂ ಡ್ರಾಪ್ ಕ್ಯಾಂಪ್ ಮಾತಾಡಿದ್ದರೆ ಖಂಡಿತ ಓದಿ. ಡ್ರಾಪ್ ಕ್ಯಾಂಪ್ ಎಂದರೆ, ಹೇಸರಗತ್ತೆಗಳ ಮೇಲೆ ನಿಮ್ಮ ಸಾಮಾನು ಹೇರಿ ಕಾಡಿನೊಳಗೆ ಬಿಟ್ಟು ಬರುತ್ತಾರೆ. ಪ್ರಾಣಿ ಬಿದ್ದ ಮೇಲೆ ಮತ್ತೆ ಬಂದು ಮಾಂಸ ಹೊತ್ತು ತರುತ್ತಾರೆ. ನಮ್ಮನ್ನು ಒಳಗೆ ಬಿಟ್ಟವನು ಮಾಂಸಕ್ಕೆ ಬರಲಿಲ್ಲ. ಒಂದು ಗಂಡು ಎಲ್ಕ್‌ನ ಇಡೀ ಹಿಂದೊಡೆ ನಮ್ಮ ಕಣ್ಣೆದುರೇ ಕೆಟ್ಟುಹೋಯಿತು. ದುಡ್ಡು ಹೋಗಿದ್ದಕ್ಕಿಂತ ಅದೇ ನನಗೆ ಜಾಸ್ತಿ ಸಂಕಟ.

ಊರಲ್ಲಿರುವವರು ಓದುತ್ತಿದ್ದರೆ ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಅದು ಹಾಗೇ ಇರಬೇಕು. ಇಲ್ಲಿ ರಾಜ್ಯವೇ ಲೆಕ್ಕ ಹಾಕಿ ಟ್ಯಾಗ್, ಅಂದರೆ ಬೇಟೆಯ ಅನುಮತಿ ಚೀಟಿ, ಕೊಡುತ್ತದೆ. ಒಂದು ಟ್ಯಾಗಿಗೆ ಒಂದು ಪ್ರಾಣಿ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಹಾಳು ಮಾಡಿದರೆ ಐಡಹೊದಲ್ಲಿ ಕೇಸು ಬೀಳುತ್ತದೆ. ಆದ್ದರಿಂದ ಮಾಂಸ ಹೊರಗೆ ತರುವುದು ಬೇಟೆಯಷ್ಟೇ ದೊಡ್ಡ ಜವಾಬ್ದಾರಿ.

ಜಾಗ ಎಂಥದ್ದು ಅಂತ ಗೊತ್ತಾಗಬೇಕು. ಸಾಲ್ಮನ್ ಊರಿನಿಂದ ಉತ್ತರಕ್ಕೆ ನಾರ್ತ್ ಫೋರ್ಕ್, ಅಲ್ಲಿಂದ ನದಿ ಪಕ್ಕದ ದಾರಿ. ಕಾರ್ನ್ ಕ್ರೀಕ್‌ನಲ್ಲಿ ಆ ದಾರಿ ಮುಗಿಯುತ್ತದೆ. ಮುಂದೆ ಫ್ರ್ಯಾಂಕ್ ಚರ್ಚ್ ರಿವರ್ ಆಫ್ ನೋ ರಿಟರ್ನ್ ವೈಲ್ಡರ್‌ನೆಸ್. 1980ರಲ್ಲಿ ಕಾಯ್ದೆ ಮಾಡಿ ಕಾಪಾಡಿದ, 23 ಲಕ್ಷ ಎಕರೆಗೂ ಮೀರಿದ ಕಾಡು. ಒಳಗೆ ಜೀಪಿಲ್ಲ, ಬೈಕಿಲ್ಲ, ಮಾಂಸ ತಳ್ಳಿಕೊಂಡು ಬರಲು ಎರಡು ಗಾಲಿಯ ಕೈಗಾಡಿಗೂ ಅವಕಾಶವಿಲ್ಲ. ಫೋನ್ ಸಿಗ್ನಲ್ ಕೇಳಲೇಬೇಡಿ. 1805ರ ಆಗಸ್ಟ್‌ನಲ್ಲಿ ಪಶ್ಚಿಮದ ಸಮುದ್ರಕ್ಕೆ ದಾರಿ ಹುಡುಕುತ್ತಿದ್ದ ಅನ್ವೇಷಕ ವಿಲಿಯಂ ಕ್ಲಾರ್ಕ್ ಈ ನದಿಯ ಮೇಲ್ಭಾಗಕ್ಕೆ ಬಂದು, ಕಣಿವೆ ನೋಡಿ, ಇದರಲ್ಲಿ ದಾರಿಯಿಲ್ಲ ಅಂತ ವಾಪಸ್ ಹೋದ. ಅವನ ತಂಡದವರು ಬೇರೆ ದಾರಿಯಲ್ಲಿ ಬೆಟ್ಟ ದಾಟಿದರು.

ನದಿ ದಡ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲಿನ ಏಣುಗಳು 2,100 ಮೀಟರ್ ದಾಟುತ್ತವೆ. ನಕ್ಷೆಯಲ್ಲಿ ಕ್ಯಾಂಪಿಗೂ ಎಲ್ಕ್ ಇರುವ ಜಾಗಕ್ಕೂ ಎರಡು ಬೆರಳು ದೂರ ಕಾಣಿಸುತ್ತದೆ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿದವರು ಆ ಏರನ್ನು ನೆನಪಿಸಿಕೊಳ್ಳಿ. ಅದೇ ಏರನ್ನು ಸರಿಯಾದ ಕಾಲುದಾರಿ ಇಲ್ಲದೆ, ಸುಟ್ಟು ಬಿದ್ದ ಮರಗಳನ್ನು ದಾಟುತ್ತಾ, ಬೆನ್ನ ಮೇಲೆ 30 ಕೆಜಿ ಹೊತ್ತು ಇಳಿಯಬೇಕು. ಆಮೇಲೆ ಮತ್ತೆ ಹತ್ತಬೇಕು, ಉಳಿದ ಮಾಂಸ ಇನ್ನೂ ಮೇಲೆಯೇ ಇರುತ್ತದೆ ಅಲ್ವಾ.

ಇನ್ನು ನಮ್ಮನ್ನು ಒಳಗೆ ಬಿಟ್ಟ ಆ ಮನುಷ್ಯನ ವಿಷಯ. ಒಬ್ಬ ಪರಿಚಯದವರ ಮೂಲಕ ಸಿಕ್ಕಿದ. ಮಾತು ಬಹಳ ಚೆನ್ನಾಗಿತ್ತು. ಹೇಸರಗತ್ತೆಗಳ ಫೋಟೋ, ದೊಡ್ಡ ಕೊಂಬುಗಳ ಫೋಟೋ, ಎಲ್ಲ ಕಳಿಸಿದ. ರೇಟೂ ಬೇರೆಯವರಿಗಿಂತ ಕಡಿಮೆ. ಲೈಸೆನ್ಸ್ ಇದೆಯಾ ಅಂತ ನಾವು ಕೇಳಿದೆವು. ತಕ್ಷಣ ಒಂದು ನಂಬರ್ ಕೊಟ್ಟ. ನಂಬರ್ ನಿಜವಾದದ್ದೇ, ಆದರೆ ಅದು ಬೇರೊಬ್ಬರದು ಅಂತ ವಾಪಸ್ ಬಂದ ಮೇಲೆ ತಿಳಿಯಿತು. ಆ ಬೇರೆಯವರಿಗೆ ಇದ್ದ ಪರವಾನಗಿಯೂ ಈ ಕಣಿವೆಗಲ್ಲ.

ಹೊಸಬರಿಗೆ ಗೊತ್ತಾಗದ ಸಂಗತಿ ಇಲ್ಲೇ ಇದೆ. ಐಡಹೊದಲ್ಲಿ ದುಡ್ಡು ತೆಗೆದುಕೊಂಡು ಬೇಟೆಗಾರರನ್ನು ಕರೆದೊಯ್ಯುವವರಿಗೆ, ಮಾಂಸ ಹೊರುವವರಿಗೂ ಸೇರಿ, ರಾಜ್ಯದ ಔಟ್‌ಫಿಟರ್ಸ್ ಆಂಡ್ ಗೈಡ್ಸ್ ಲೈಸೆನ್ಸಿಂಗ್ ಬೋರ್ಡ್‌ನ ಲೈಸೆನ್ಸ್ ಬೇಕು. ಆ ಲೈಸೆನ್ಸ್ ಇಡೀ ರಾಜ್ಯಕ್ಕೆ ಸಿಗುವುದಿಲ್ಲ. ಯಾವ ಪ್ರದೇಶ, ಯಾವ ಕೆಲಸ ಅಂತ ಅದರಲ್ಲೇ ಬರೆದಿರುತ್ತದೆ. ನದಿಯಲ್ಲಿ ರ್‍ಯಾಫ್ಟಿಂಗ್ ಮಾಡಿಸುವವನಿಗೆ ಎಲ್ಕ್ ಬೇಟೆಯ ಅನುಮತಿ ಇರಲೇಬೇಕು ಅಂತೇನಿಲ್ಲ. ಜಾಗ ಫಾರೆಸ್ಟ್ ಸರ್ವಿಸ್‌ನದಾದರೆ ಅವರ ಪರ್ಮಿಟ್ಟೂ ಬೇಕು. ಹಾಗಾಗಿ ನಂಬರ್ ಕೇಳಿ ಸುಮ್ನೆ ಇರಬೇಡಿ. ಬೋರ್ಡ್‌ಗೆ ಫೋನ್ ಮಾಡಿ ಹೆಸರು, ಪ್ರದೇಶ, ಕೆಲಸ, ಮೂರೂ ಹೊಂದುತ್ತವಾ ಅಂತ ಕೇಳಿ. ಆ ಪ್ರದೇಶದ ರೇಂಜರ್ ಕಚೇರಿಗೂ ಒಂದು ಫೋನ್ ಹಾಕಿ. ಅಲ್ಲಿ ಯಾರು ಯಾರು ಹೇಸರಗತ್ತೆ ನಡೆಸುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೊದಲ ಅನುಮಾನ ಬಂದಿದ್ದು ಕ್ಯಾಂಪಿನ ಜಾಗ ನೋಡಿದಾಗ. ಮೇಲಿನ ಬೆಂಚ್‌ನಲ್ಲಿ (ಇಳಿಜಾರಿನ ನಡುವಿನ ಸಮತಟ್ಟು ಜಾಗ), ನೀರಿನ ಪಕ್ಕದಲ್ಲಿ ಇಳಿಸುತ್ತೇನೆ ಅಂದಿದ್ದವನು ನದಿ ಹತ್ತಿರವೇ ಇಳಿಸಿದ. ಮೇಲೆ ದಾರಿ ಮುಚ್ಚಿಹೋಗಿದೆ ಅಂದ. ಸೆಪ್ಟೆಂಬರ್‌ನಲ್ಲಿ ಕಣಿವೆಯ ತಳ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಒಣ ಹುಲ್ಲು, ಕಲ್ಲು, ರ್‍ಯಾಟಲ್ ಹಾವು. ಎಲ್ಕ್‌ಗಳು ಆಗ ಅಲ್ಲಿರುವುದಿಲ್ಲ. ಮೇಲೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳ ದಟ್ಟ ಫರ್ ಮರಗಳ ನೆರಳಲ್ಲಿರುತ್ತವೆ. ಬೆದೆಯ ಕಾಲ ಬೇರೆ, ಗಂಡುಗಳು ಕೂಗುವುದು ಕೆಳಗಿನವರೆಗೂ ಕೇಳಿಸುತ್ತದೆ. ಆದರೆ ಕೇಳಿದ ಕಡೆಗೆ ನೇರವಾಗಿ ಹತ್ತಿದರೆ ಕೆಲಸ ಕೆಡುತ್ತದೆ. ಬಿಸಿಲು ಬೀಳುವ ಮುಂಚೆ ತಣ್ಣನೆ ಗಾಳಿ ಕೆಳಕ್ಕೆ ಹರಿಯುತ್ತದೆ, ಬಿಸಿಲು ಬಿದ್ದ ಮೇಲೆ ಮೇಲಕ್ಕೆ. ನಿಮ್ಮ ವಾಸನೆ ನಿಮಗಿಂತ ಮೊದಲು ಅವುಗಳ ಮೂಗಿಗೆ ಮುಟ್ಟಿರುತ್ತದೆ. ಪಕ್ಕದ ಹಳ್ಳ ನದಿಗೆ ಸೇರುವ ಕಡೆ ಎರಡು ಗಾಳಿ ಕೂಡಿ ಸುತ್ತುತ್ತವೆ. ಅಂಥ ಕಡೆ ಬಿಲ್ಲು ಹಿಡಿದು ಕಾಯುವುದೇ ದಂಡ. ಬಾಣಕ್ಕೆ ಪ್ರಾಣಿ ಹತ್ತಿರ, ಮೂವತ್ತು ನಲವತ್ತು ಮೀಟರ್ ಒಳಗೆ ಬರಬೇಕು. ಹಾಗಾಗಿ ಕ್ಯಾಂಪ್ ಎಲ್ಲಿದೆ ಅನ್ನುವುದರ ಮೇಲೇ ಅರ್ಧ ಬೇಟೆ ನಿಂತಿದೆ. ನಾವು ದಿನಾ ಕತ್ತಲಲ್ಲಿ ಎದ್ದು, ಗಾಳಿ ತಿರುಗುವ ಮೊದಲು ಬಳಸಿಕೊಂಡು ಮೇಲೆ ತಲುಪಲು ಒದ್ದಾಡಿದೆವು.

ಕೊನೆಗೆ ಒಂದು ಸಂಜೆ ನನ್ನ ಗೆಳೆಯನ ಬಾಣ ಸರಿಯಾಗಿ ಕೂತಿತು. ಕಾದು, ರಕ್ತದ ಜಾಡು ಹಿಡಿದು ಹೋದಾಗ ಎಲ್ಕ್ ಹೆಚ್ಚು ದೂರ ಹೋಗಿರಲಿಲ್ಲ. ಹೆಡ್‌ಲ್ಯಾಂಪ್ ಬೆಳಕಲ್ಲಿ ಚರ್ಮ ಸುಲಿದು, ತೊಡೆಗಳನ್ನು ಬಿಡಿಸಿ, ಬಟ್ಟೆ ಚೀಲಗಳಲ್ಲಿ ಹಾಕಿ ಮರಕ್ಕೆ ನೇತುಹಾಕಿದೆವು. ಅಲ್ಲಿ ರಾತ್ರಿ ಚೆನ್ನಾಗಿ ತಂಪಿತ್ತು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ಇನ್‌ರೀಚ್‌ನಿಂದ ಹೇಸರಗತ್ತೆಯವನಿಗೆ ತಿಳಿಸಿದೆವು. ಉತ್ತರ ಬಂತು. ಮಾಂಸವನ್ನು ಕೆಳಗಿನ ದಾರಿಗೆ ತಂದಿಡಿ, ಎಲುಬು ತೆಗೆಯಬೇಡಿ, ಎರಡೂ ಕಡೆ ತೂಕ ಸಮ ಇದ್ದರೆ ಹೇಸರಗತ್ತೆಗೆ ಹೇರಲು ಸುಲಭ, ನಾಳೆ ಬೆಳಿಗ್ಗೆ ಬರುತ್ತೇನೆ ಅಂತ.

ಹಿಂದೊಡೆಗಳನ್ನೇ ಮೊದಲು ಇಳಿಸಿದೆವು. ಬೆಳಿಗ್ಗೆ ಅವನು ಬರಲಿಲ್ಲ. ಮೆಸೇಜಿಗೆ ಉತ್ತರವೂ ಇಲ್ಲ. ಮಧ್ಯಾಹ್ನವಾಯಿತು. ನೆರಳಲ್ಲಿಟ್ಟರೂ ಅಲ್ಲಿನ ಗಾಳಿಯೇ ಬಿಸಿ. ಎಲ್ಕ್‌ನ ತೊಡೆ ದಪ್ಪ. ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ, ಸೊಂಟದ ಕೀಲಿನ ಹತ್ತಿರ ಒಳಗಿನ ಬಿಸಿ ಹಾಗೇ ಉಳಿದಿರುತ್ತದೆ. ಕೊಳೆಯುವುದು ಎಲುಬಿನ ಬದಿಯಿಂದಲೇ ಶುರುವಾಗುತ್ತದೆ. ಸಂಜೆ ಹೊತ್ತಿಗೆ ಒಂದರಲ್ಲಿ ವಾಸನೆ ಬಂತು. ಕತ್ತರಿಸಿ ನೋಡಿದರೆ ಎಲುಬಿನ ಸುತ್ತ ಹಸಿರು ಬಣ್ಣಕ್ಕೆ ತಿರುಗಿತ್ತು. ಇನ್ನೊಂದರ ಎಲುಬು ತಕ್ಷಣ ತೆಗೆದು, ನೀರು ಹೋಗದ ಚೀಲದಲ್ಲಿ ಕಟ್ಟಿ ಹಳ್ಳದ ತಣ್ಣೀರಲ್ಲಿ ಮುಳುಗಿಸಿದೆವು. ಅದು ಉಳಿಯಿತು. ಎಲುಬು ತೆಗೆಯುವವರು ನೆನಪಿಡಿ, ಗಂಡೋ ಹೆಣ್ಣೋ ಅನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು ಅಂತ ಕಾನೂನಿದೆ.

ಕಣಿವೆ ಕಾಡಿನಲ್ಲಿ ಮಾಂಸ ಇಳಿಸಲು ಯಾರು ಎಷ್ಟೇ ಅವಸರ ಮಾಡಿದರೂ ಕೇಳಬೇಡಿ. ಹೇಸರಗತ್ತೆ ಅಥವಾ ದೋಣಿ ನಿಮ್ಮ ಕಣ್ಣಿಗೆ ಕಾಣುವವರೆಗೆ ಮೇಲಿನ ತಂಪಲ್ಲೇ ಇರಲಿ. ಉತ್ತರ ಇಳಿಜಾರಿನ ನೆರಳಲ್ಲಿ, ಗಾಳಿ ಆಡುವ ಕಡೆ, ಕರಡಿಗೆ ಎಟುಕದಷ್ಟು ಎತ್ತರಕ್ಕೆ ಕಟ್ಟಿ. ಕೆಳಗೆ ನದಿ ಇದೆ, ತಂಪಿರುತ್ತದೆ ಅನ್ನಿಸುವುದು ಸಹಜ. ಹಗಲು ಹೊತ್ತು ಅತಿ ಬಿಸಿ ಇರುವುದು ಅಲ್ಲೇ.

ನಮ್ಮನ್ನು ಹೊರಗೆ ತಂದದ್ದು ಜೆಟ್ ಬೋಟ್. ಬಾಯ್ಸಿಯಲ್ಲಿದ್ದ ಗೆಳೆಯರಿಗೆ ಮೆಸೇಜ್ ಮಾಡಿದೆವು, ಅವರು ಲೈಸೆನ್ಸ್ ಇರುವ ಒಬ್ಬ ದೋಣಿಯವರನ್ನು ಹುಡುಕಿ ಕಳಿಸಿದರು. ಮುಖ್ಯ ಸಾಲ್ಮನ್ ನದಿಯಲ್ಲಿ ಕಾಯ್ದೆಯೇ ಮೋಟಾರು ದೋಣಿಗೆ ಅವಕಾಶ ಕೊಟ್ಟಿದೆ. ಇದನ್ನು ನಂಬಿ ಅದರ ಉಪನದಿ ಮಿಡಲ್ ಫೋರ್ಕ್‌ಗೆ ಹೋಗಬೇಡಿ, ಅಲ್ಲಿ ಮೋಟಾರು ದೋಣಿ ನಿಷಿದ್ಧ. ಅಲ್ಲಿ ಏನಿದ್ದರೂ ರ್‍ಯಾಫ್ಟ್, ಹೇಸರಗತ್ತೆ, ಇಲ್ಲವೇ ಕಾಡಿನ ಪುಟ್ಟ ಏರ್‌ಸ್ಟ್ರಿಪ್‌ಗೆ ಬರುವ ಸಣ್ಣ ವಿಮಾನ. ಯಾವುದಾದರೂ ಸರಿ, ಎರಡನೇ ದಾರಿಯೊಂದನ್ನು ಮನೆಯಿಂದ ಹೊರಡುವ ಮೊದಲೇ ಮಾತಾಡಿಡಿ. ಎಲುಬಿಲ್ಲದೆಯೇ ಒಂದು ದೊಡ್ಡ ಗಂಡು ಎಲ್ಕ್‌ನಿಂದ 90 ಕೆಜಿ ಹತ್ತಿರ ಮಾಂಸ ಬರುತ್ತದೆ. ಇಬ್ಬರ ಬೆನ್ನಿಗೆ ಅದು ದೊಡ್ಡ ಹೊರೆ.

ದಡ ಸೇರಿದ ಮೇಲೆ ರಾಜ್ಯದ ವನ್ಯಜೀವಿ ಇಲಾಖೆಯಾದ ಫಿಶ್ ಆಂಡ್ ಗೇಮ್‌ನ ಅಧಿಕಾರಿಗೆ ನಾವೇ ಫೋನ್ ಮಾಡಿ ಎಲ್ಲ ಹೇಳಿದೆವು. ಅವರು ಇನ್‌ರೀಚ್‌ನ ಮೆಸೇಜುಗಳನ್ನು, ಅದರಲ್ಲಿದ್ದ ಸಮಯವನ್ನು ನೋಡಿ ಬರೆದುಕೊಂಡರು. ನಮ್ಮ ಮೇಲೆ ಕೇಸು ಹಾಕಲಿಲ್ಲ. ಆದ್ದರಿಂದ ಮಾತುಕತೆ ಎಲ್ಲ ಬರಹದಲ್ಲೇ ಇರಲಿ. ಕ್ಯಾಂಪಿನ ಜಾಗವನ್ನು ಜಿಪಿಎಸ್ ಅಂಕಿಯಲ್ಲಿ ಬರೆಸಿಕೊಳ್ಳಿ. ಸುದ್ದಿ ಮುಟ್ಟಿದ ಮೇಲೆ ಎಷ್ಟು ಗಂಟೆಯೊಳಗೆ ಬರುತ್ತಾನೆ, ಬರದಿದ್ದರೆ ಯಾರು ಬರುತ್ತಾರೆ ಅನ್ನುವುದೂ ಬರಹದಲ್ಲಿರಲಿ.

ಸಿಯಾಟಲ್, ಬೇ ಏರಿಯಾ ಕಡೆಯ ನಮ್ಮವರು ಐಡಹೊ ಬೇಡ, ವಯೋಮಿಂಗ್ ಆಗಲಿ ಅನ್ನುವುದಿದೆ. ಅಲ್ಲಿ ಫೆಡರಲ್ ವೈಲ್ಡರ್‌ನೆಸ್ ಒಳಗೆ ಹೊರರಾಜ್ಯದವರು ಎಲ್ಕ್ ಬೇಟೆಯಾಡಬೇಕಾದರೆ ಲೈಸೆನ್ಸ್ ಇರುವ ಗೈಡ್ ಅಥವಾ ಆ ರಾಜ್ಯದ ನಿವಾಸಿ ಜೊತೆಗಿರಲೇಬೇಕು. ನಕಲಿ ಗೈಡ್ ಸಿಕ್ಕಿದರೆ ಅಲ್ಲಿ ಇನ್ನೂ ಕಷ್ಟ.

ಈಗಾಗಲೇ ಯಾರಿಗಾದರೂ ಅಡ್ವಾನ್ಸ್ ಕೊಟ್ಟಿದ್ದು, ಬೋರ್ಡ್‌ನಲ್ಲಿ ಆ ಹೆಸರು ಸಿಗದಿದ್ದರೆ ಸೀಸನ್‌ವರೆಗೆ ಕಾಯಬೇಡಿ. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ತಕರಾರು ಹಾಕಿ, ಬೋರ್ಡ್‌ಗೆ ಲಿಖಿತ ದೂರು ಕೊಡಿ. ನಾವು ಕೊಟ್ಟಿದ್ದು ನಗದು, ಅದು ವಾಪಸ್ ಬಂದಿಲ್ಲ. ನಮ್ಮ ದೂರು ಇನ್ನೂ ವಿಚಾರಣೆಯಲ್ಲಿದೆ.