ತಾಲ್ಲೂಕಿನ ಶಿಕ್ಷಕರ ಬಳಗಕ್ಕೆ ಟೆಲಿಗ್ರಾಂ: ಕಡತಕ್ಕೆ ಸೊಗಸು, ಮಾತುಕತೆಗೆ ಷರತ್ತು

ಹಳ್ಳಿಗಾಡಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ ಒಬ್ಬರೇ ಶಿಕ್ಷಕರಿರುತ್ತಾರೆ. ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಹುದ್ದೆಯವರು ಗಣಿತದ ಜೊತೆಗೆ ಭೌತವಿಜ್ಞಾನದ ಪಾಠಗಳನ್ನೂ ನೋಡಿಕೊಳ್ಳುತ್ತಾರೆ. ಪಾಠದ ನಡುವೆ ತಲೆದೋರಿದ ತೊಡಕೊಂದನ್ನು ಅದೇ ವಿಷಯ ಬಲ್ಲ ಇನ್ನೊಬ್ಬರ ಮುಂದಿಡೋಣವೆಂದರೆ ಸ್ಟಾಫ್ ರೂಮಿನಲ್ಲಿ ಅಂಥವರು ಸಿಗುವುದಿಲ್ಲ. ತರಬೇತಿಗಳಲ್ಲಿ, ಸಮಾಲೋಚನಾ ಸಭೆಗಳಲ್ಲಿ ಭೇಟಿಯಾಗುತ್ತೇವೆ ನಿಜ, ಆದರೆ ಅಲ್ಲಿನ ಹೊತ್ತು ಅಂಕಿ ಅಂಶಗಳಿಗೆ, ನಮೂನೆಗಳಿಗೆ, ಮುಂದಿನ ಕಾರ್ಯಕ್ರಮದ ಸೂಚನೆಗಳಿಗೆ ಸರಿಹೋಗುತ್ತದೆ. ಹೀಗಾಗಿ ಶಿಕ್ಷಕರ ನಿಜವಾದ ಒಡನಾಟ ಈಗ ಬಹುಮಟ್ಟಿಗೆ ಮೊಬೈಲಿನಲ್ಲೇ ನಡೆಯುತ್ತಿದೆ. ಹತ್ತನೇ ತರಗತಿಗೆ ಗಣಿತ ಬೋಧಿಸುವವನಾಗಿ ನಾನು ಟೆಲಿಗ್ರಾಂ ಆ್ಯಪ್ಪಿನಲ್ಲಿ ನಮ್ಮ ತಾಲ್ಲೂಕಿನ ವಿಷಯ ಶಿಕ್ಷಕರ ಒಂದು ಚಿಕ್ಕ ಗುಂಪಿನಲ್ಲಿಯೂ, ರಾಜ್ಯದ ಎಲ್ಲೆಡೆಯವರು ಸೇರಿರುವ ದೊಡ್ಡ ಗುಂಪುಗಳಲ್ಲಿಯೂ ಇದ್ದೇನೆ. ಶಿಕ್ಷಕರ ಬಳಗವೊಂದಕ್ಕೆ ಈ ಸೇವೆ ಎಷ್ಟರ ಮಟ್ಟಿಗೆ ಒಗ್ಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಸಿನಿಮಾ ಡೌನ್‌ಲೋಡ್ ಮಾಡಿಕೊಳ್ಳುವವರ ಟೆಲಿಗ್ರಾಂ ಬೇರೆಯೇ ಲೋಕ, ಅದರ ಗೊಡವೆ ಇಲ್ಲಿಲ್ಲ.

ಕರ್ನಾಟಕದ ಶಿಕ್ಷಕರಿಗೆ ಅಂತರ್ಜಾಲದಲ್ಲಿ ಕೂಡುವುದು ಹೊಸದೇನಲ್ಲ. 2011ರಲ್ಲಿಯೇ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲೆಯ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿದವು. ಎಸ್‌ಟಿಎಫ್ ಎಂದೇ ಹೆಸರಾದ ಆ ಇಮೇಲ್ ಗುಂಪುಗಳಿಂದ ಮತ್ತು ತರಬೇತಿಗಳಿಂದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣವೂ ಬೆಳೆಯಿತು. ಅಲ್ಲಿನ ಸಾಮಗ್ರಿಯನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಿಕೊಳ್ಳಬಹುದು. ಆದರೆ ಇಮೇಲ್ ತೆರೆಯಲು ಕಂಪ್ಯೂಟರಿನ ಮುಂದೆ ಕೂರುವ ಅಭ್ಯಾಸ ಬೇಕಿತ್ತು; ಕಿಸೆಯಲ್ಲಿ ಸ್ಮಾರ್ಟ್‌ಫೋನ್ ಬಂದ ಮೇಲೆ, ಅದರಲ್ಲೂ 2020ರ ಕೋವಿಡ್ ಕಾಲದಲ್ಲಿ ಶಾಲೆಯ ಬಾಗಿಲು ಮುಚ್ಚಿ ಪಾಠವೇ ಮೊಬೈಲಿಗೆ ಬಂದ ಮೇಲೆ, ಎಲ್ಲರೂ ವಾಟ್ಸ್ಆ್ಯಪ್ಪಿಗೆ ಸರಿದರು. ಟೆಲಿಗ್ರಾಂ ಶಿಕ್ಷಕರ ನಡುವೆ ಕಾಲೂರಿದ್ದು ವಾಟ್ಸ್ಆ್ಯಪ್ಪಿನ ಇಕ್ಕಟ್ಟು ಅನುಭವಕ್ಕೆ ಬಂದ ನಂತರ.

ಆ ಇಕ್ಕಟ್ಟು ಏನೆಂಬುದನ್ನು ಶಿಕ್ಷಕರಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲು 256 ಜನರಿಗಷ್ಟೇ ಜಾಗವಿತ್ತು, 2022ರಲ್ಲಿ ಅದು 512ಕ್ಕೆ, ಬಳಿಕ 1,024ಕ್ಕೆ ಏರಿತು. ಸಂಖ್ಯೆಗಿಂತ ದೊಡ್ಡ ತೊಂದರೆ ಕಡತಗಳದು. ವರ್ಷದ ಮೊದಲ ರೂಪಣಾತ್ಮಕ ಮೌಲ್ಯಮಾಪನವಾದ ಎಫ್‌ಎ-1ರಿಂದ ಹಿಡಿದು ಪೂರ್ವಸಿದ್ಧತಾ ಪರೀಕ್ಷೆಯವರೆಗೆ ವರ್ಷವಿಡೀ ಪ್ರಶ್ನೆಪತ್ರಿಕೆ, ಅದರ ನೀಲನಕ್ಷೆ, ಮಾದರಿ ಉತ್ತರ, ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದ ಸಾಹಿತ್ಯ, ವಾರ್ಷಿಕ ಪಾಠ ಹಂಚಿಕೆ, ಕಲಿಕೆಯಲ್ಲಿ ಹಿಂದುಳಿದವರನ್ನು ತೇರ್ಗಡೆ ಮಾಡಿಸುವ ಪಾಸಿಂಗ್ ಪ್ಯಾಕೇಜ್ ಎಂದು ಪಿಡಿಎಫ್‌ಗಳು ಹರಿದು ಬರುತ್ತಲೇ ಇರುತ್ತವೆ. ಅವೆಲ್ಲ ಫೋನಿನ ಜಾಗವನ್ನೇ ತಿನ್ನುತ್ತವೆ. ಫೈಲ್ ಮ್ಯಾನೇಜರ್ ತೆರೆದರೆ ಡಿಒಸಿ ಎಂಬ ಅಕ್ಷರಗಳು, ತಾರೀಖು, ಡಬ್ಲ್ಯುಎ, ಒಂದು ಕ್ರಮಸಂಖ್ಯೆ ಇಷ್ಟೇ ಇರುವ ಹೆಸರುಗಳ ಉದ್ದನೆಯ ಸಾಲು ಕಾಣಿಸುತ್ತದೆ. ಅದರಲ್ಲಿ ತ್ರಿಕೋನಮಿತಿಯ ಘಟಕ ಪರೀಕ್ಷೆ ಯಾವುದು, ವೇತನ ಬಡ್ತಿಯ ಅರ್ಜಿ ನಮೂನೆ ಯಾವುದು ಎಂದು ಒಂದೊಂದಾಗಿ ತೆರೆದೇ ನೋಡಬೇಕು. ವರ್ಗಾವಣೆಯಾಗಿ ಜೂನ್‌ನಲ್ಲಿ ಹೊಸದಾಗಿ ಗುಂಪಿಗೆ ಸೇರಿದ ಶಿಕ್ಷಕಿಗೆ ಹಿಂದಿನ ವರ್ಷದ ಮಾತುಕತೆ ಪೂರ್ತಿಯಾಗಿ ಸಿಗುವುದೂ ಇಲ್ಲ. ಹಾಗಾಗಿ ‘ಸರ್, ಕಳೆದ ಸಲದ ನೀಲನಕ್ಷೆ ಇನ್ನೊಮ್ಮೆ ಹಾಕಿ’ ಎಂಬ ಕೋರಿಕೆ, ಅದಕ್ಕೆ ಮೂರು ಜನ ಅದೇ ಕಡತವನ್ನು ಮತ್ತೆ ಮತ್ತೆ ಹಾಕುವುದು, ಇದು ಪ್ರತಿ ವರ್ಷದ ವಾಡಿಕೆ.

ಟೆಲಿಗ್ರಾಂ ಗೆಲ್ಲುವುದು ಸರಿಯಾಗಿ ಇದೇ ಜಾಗದಲ್ಲಿ. ಇಲ್ಲಿ ಕಡತಗಳು ಫೋನಿನಲ್ಲಲ್ಲ, ಕಂಪನಿಯ ಸರ್ವರಿನಲ್ಲಿ ಇರುತ್ತವೆ. ಬೇಕಾದಾಗ ಇಳಿಸಿಕೊಂಡು, ಕೆಲಸ ಮುಗಿದ ಮೇಲೆ ಫೋನಿನಲ್ಲಿ ಉಳಿದ ತಾತ್ಕಾಲಿಕ ಪ್ರತಿಯನ್ನು (ಕ್ಯಾಶ್) ಅಳಿಸಿದರೂ ಮೂಲ ಕಡತ ಗುಂಪಿನಲ್ಲಿ ಹಾಗೆಯೇ ಉಳಿಯುತ್ತದೆ. ಒಂದು ಕಡತ 2 ಜಿಬಿವರೆಗೆ ಇರಬಹುದು. ಇಟ್ಟ ಹೆಸರು ಕೆಡುವುದಿಲ್ಲ. ಗುಂಪಿನ ಹೆಸರಿನ ಮೇಲೆ ಒತ್ತಿದರೆ ಚಿತ್ರ, ಕಡತ, ಕೊಂಡಿ, ಧ್ವನಿ ಸಂದೇಶ ಎಲ್ಲವೂ ಬೇರೆ ಬೇರೆಯಾಗಿ ವಿಂಗಡವಾಗಿ ಸಿಗುತ್ತವೆ. ಅಡ್ಮಿನ್ ಆದವರು ಹಳೆಯ ಸಂದೇಶಗಳು ಹೊಸಬರಿಗೂ ಕಾಣುವಂತೆ ಮಾಡಿಟ್ಟರೆ, ಇಂದು ಸೇರಿದವರು ಕೂಡ ಗುಂಪು ಹುಟ್ಟಿದ ದಿನದಿಂದ ಬಂದಿದ್ದನ್ನೆಲ್ಲ ನೋಡಬಹುದು. ಶಾಲೆಯ ಕಂಪ್ಯೂಟರಿನಲ್ಲಿಯೂ ಅದೇ ಖಾತೆ ತೆರೆದು ನೇರವಾಗಿ ಪ್ರಿಂಟ್ ತೆಗೆಯಬಹುದು, ಫೋನ್ ಪಕ್ಕದಲ್ಲಿಯೇ ಇರಬೇಕೆಂಬ ಕಟ್ಟುಪಾಡಿಲ್ಲ. ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕಾಣದಂತೆ ಮುಚ್ಚಿಡುವ ಅನುಕೂಲವನ್ನು ನಮ್ಮ ಶಿಕ್ಷಕಿಯರು ಎಲ್ಲಕ್ಕಿಂತ ಮೇಲೆ ಇಡುತ್ತಾರೆ, ಮತ್ತು ಅದು ನ್ಯಾಯವೇ. ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ ತಪ್ಪಿಗೆ ರಾತ್ರಿ ಹತ್ತಕ್ಕೆ ಅಪರಿಚಿತರ ಕರೆ ಬರಬಾರದು. ಆದರೆ ಸೆಟ್ಟಿಂಗ್‌ನಲ್ಲಿ ಹೋಗಿ ‘ಯಾರಿಗೂ ಬೇಡ’ ಎಂದು ತಾವೇ ಆರಿಸಿಕೊಳ್ಳಬೇಕು. ಇದನ್ನು ಹೇಳಿಕೊಡದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ.

ಹುಡುಕಾಟದ ವಿಷಯಕ್ಕೆ ಬಂದರೆ ಹೊಗಳಿಕೆ ಸ್ವಲ್ಪ ತಗ್ಗುತ್ತದೆ. ಟೆಲಿಗ್ರಾಂ ಸಂದೇಶದ ಪದಗಳನ್ನೂ ಕಡತದ ಹೆಸರನ್ನೂ ಹುಡುಕುತ್ತದೆಯೇ ಹೊರತು ಪಿಡಿಎಫ್ ಒಳಗಿರುವುದನ್ನಲ್ಲ. ನಮ್ಮಲ್ಲಿ ಇನ್ನೂ ಅನೇಕ ಪ್ರಶ್ನೆಪತ್ರಿಕೆಗಳು ಹಳೆಯ ನುಡಿ ಫಾಂಟಿನಲ್ಲಿ ಸಿದ್ಧವಾಗುತ್ತವೆ. ಅವು ಪಿಡಿಎಫ್ ಆಗಿ ಬಂದರೆ ಓದಲು ಅಡ್ಡಿಯಿಲ್ಲ, ವರ್ಡ್ ಕಡತವಾಗಿಯೇ ಬಂದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಸಾಲುಗಳು ಕಾಣುತ್ತವೆ. ಇದು ಆ್ಯಪ್ಪಿನ ದೋಷವಲ್ಲ, ಎಲ್ಲ ಸಾಧನಗಳಿಗೂ ಒಂದೇ ಆದ ಯುನಿಕೋಡ್ ಅಕ್ಷರ ಸಂಕೇತ ಬಂದು ಇಷ್ಟು ಕಾಲವಾದರೂ ಹಳೆಯ ಫಾಂಟ್ ಬಿಡದ ನಮ್ಮದು. ಹೆಸರು ಬರೆಯುವ ರೀತಿಯೂ ಒಬ್ಬೊಬ್ಬರದು ಒಂದೊಂದು ಬಗೆ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡವನ್ನು, ಮತ್ತೊಬ್ಬರು ಏನೂ ಬರೆಯದೆ ಬರಿಯ ಕಡತವನ್ನು ಹಾಕಿದರೆ ಯಾವ ಹುಡುಕಾಟವೂ ಫಲಿಸದು. ನಮ್ಮ ತಾಲ್ಲೂಕಿನ ಗುಂಪಿನಲ್ಲಿ ತರಗತಿ, ಅಧ್ಯಾಯದ ಹೆಸರು, ಕಡತದ ಬಗೆ ಈ ಮೂರನ್ನು ಕನ್ನಡದಲ್ಲಿ ಬರೆಯದೆ ಹಾಕಿದ ಕಡತವನ್ನು ಅಡ್ಮಿನ್ ಮೇಡಂ ಅಳಿಸಿಬಿಡುತ್ತಾರೆ. ಮೊದಮೊದಲು ಕೆಲವರು ಮುನಿಸಿಕೊಂಡರು. ಈಗ ‘ಹತ್ತನೇ ತರಗತಿ, ವೃತ್ತಗಳು, ಘಟಕ ಪರೀಕ್ಷೆ’ ಎಂದು ಬರೆಯುವುದು ಎಲ್ಲರಿಗೂ ರೂಢಿಯಾಗಿದೆ. ಅಂದ ಹಾಗೆ, ಆ್ಯಪ್ಪಿನ ಅಧಿಕೃತ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ಪಿನಲ್ಲಿ ಅದಿದೆ. ಶಿಕ್ಷಕರಿಗೆ ಇದು ದೊಡ್ಡ ತಡೆಯಲ್ಲದಿದ್ದರೂ ಅಂಕ ಕಳೆಯಲೇಬೇಕಾದ ಕೊರತೆ.

ಇಷ್ಟೆಲ್ಲ ಕಡತದ ಮಾತಾಯಿತು. ಶಿಕ್ಷಕರು ಒಬ್ಬರಿಗೊಬ್ಬರು ದಕ್ಕಬೇಕಾದದ್ದು ಕಡತಕ್ಕಾಗಿ ಮಾತ್ರವಲ್ಲ. ಟೆಲಿಗ್ರಾಂ ಗುಂಪಿನಲ್ಲಿ 2,00,000 ಜನ ಸೇರಬಹುದು ಎಂಬುದನ್ನು ಅದರ ಹೆಗ್ಗಳಿಕೆಯಾಗಿ ಹೇಳುತ್ತಾರೆ. ನನ್ನ ಅನುಭವದಲ್ಲಿ ಶಿಕ್ಷಕರ ಬಳಗದ ಮಟ್ಟಿಗೆ ಅದೇ ಅದರ ದೌರ್ಬಲ್ಯ. ರಾಜ್ಯಮಟ್ಟದ ದೊಡ್ಡ ಗುಂಪುಗಳಲ್ಲಿ ಬೆಳಗಾಗೆದ್ದರೆ ಶುಭೋದಯದ ಚಿತ್ರಗಳು, ಮಧ್ಯಾಹ್ನ ಸುತ್ತೋಲೆಗಳು, ಸಂಜೆ ತುಟ್ಟಿಭತ್ಯೆಯ ಲೆಕ್ಕಾಚಾರ, ವರ್ಗಾವಣೆಯ ಕಾಲ ಬಂತೆಂದರೆ ಕೌನ್ಸೆಲಿಂಗ್ ಹೊರತು ಬೇರೆ ಮಾತೇ ಇಲ್ಲ. ಅವೂ ನಮ್ಮ ಬದುಕಿನ ಸಂಗತಿಗಳೇ, ಬೇಡವೆನ್ನುವಂತಿಲ್ಲ. ಆದರೆ ಪಾಠದ ಕುರಿತು ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಅದು ಮೇಲೆಲ್ಲೋ ಸರಿದುಹೋಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾವಿರಾರು ಅಪರಿಚಿತರ ಮುಂದೆ ‘ಈ ಲೆಕ್ಕ ನನಗೆ ತಿಳಿಯಲಿಲ್ಲ’ ಎನ್ನಲು ಯಾವ ಶಿಕ್ಷಕರಿಗೂ ಬಾಯಿ ಬರುವುದಿಲ್ಲ. ನಮ್ಮ ವೃತ್ತಿಯಲ್ಲಿ ಆ ಸಂಕೋಚ ಸಣ್ಣದಲ್ಲ.

ಅದೇ ಆ್ಯಪ್, ಅದೇ ಸೌಲಭ್ಯ, ಆದರೆ ತಾಲ್ಲೂಕಿನ ಗುಂಪಿನಲ್ಲಿ ನಡೆಯುವುದೇ ಬೇರೆ. ಒಂದು ಉದಾಹರಣೆ ಕೊಡುತ್ತೇನೆ. ಹತ್ತನೇ ತರಗತಿಯ ವಾಸ್ತವ ಸಂಖ್ಯೆಗಳ ಅಧ್ಯಾಯದಲ್ಲಿ √2 ಅಭಾಗಲಬ್ಧ ಎಂದು ಸಾಧಿಸುವಾಗ ಅದನ್ನು a/b ಎಂದು ಬರೆದು, a ಮತ್ತು b ಸಹ ಅವಿಭಾಜ್ಯಗಳು (1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದವು) ಎಂದು ಮೊದಲೇ ಭಾವಿಸಿಕೊಳ್ಳುತ್ತೇವೆ. ಹಾಗೆ ಏಕೆ ಭಾವಿಸಬೇಕೆಂದು ಮಕ್ಕಳು ಕೇಳಿದರೆ ಏನು ಹೇಳುವುದು ಎಂದು ಹೊಸದಾಗಿ ಸೇವೆಗೆ ಸೇರಿದ ಶಿಕ್ಷಕರೊಬ್ಬರು ಗುಂಪಿನಲ್ಲಿ ಬರೆದರು. ನಿವೃತ್ತಿಯ ಹತ್ತಿರವಿರುವ ಹಿರಿಯರೊಬ್ಬರು ಧ್ವನಿ ಸಂದೇಶ ಕಳಿಸಿದರು: ‘ಮೊದಲು 12/18 ಬರೆಸಿ ಸರ್, ಅದನ್ನು ಸಂಕ್ಷೇಪಿಸಿ 2/3 ಮಾಡಿಸಿ, ಇನ್ನು ಯಾವುದರಿಂದಲೂ ಹೋಗುವುದಿಲ್ಲ ಎಂದು ಅವರ ಬಾಯಲ್ಲೇ ಹೇಳಿಸಿ. ಆಮೇಲೆ ಸಾಧನೆಗೆ ಬನ್ನಿ. ಕೊನೆಗೆ a, b ಎರಡೂ ಸಮಸಂಖ್ಯೆ ಎಂದು ಬಂದಾಗ, ಹಾಗಾದರೆ ಇನ್ನೂ ಎರಡರಿಂದ ಹೋಗುತ್ತದಲ್ಲ ಸಾರ್ ಎಂದು ಮಕ್ಕಳೇ ಕೂಗುತ್ತಾರೆ.’ ಇನ್ನೊಬ್ಬ ಮೇಡಂ ಮರುದಿನ ಅದೇ ಕ್ರಮದಲ್ಲಿ ಪಾಠ ಮಾಡಿ ಕಪ್ಪುಹಲಗೆಯ ಫೋಟೊ ಹಾಕಿದರು. ಎಡಕ್ಕೆ ಭಿನ್ನರಾಶಿಯ ಸಂಕ್ಷೇಪ, ಬಲಕ್ಕೆ ಸಾಧನೆ, ನಡುವೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ಬಾಣ. ಆ ಫೋಟೊ ಇಂದಿಗೂ ಗುಂಪಿನಲ್ಲಿದೆ, ಪ್ರತಿ ವರ್ಷ ಆ ಅಧ್ಯಾಯ ಬಂದಾಗ ಯಾರಾದರೂ ಅದನ್ನು ಮೇಲಕ್ಕೆ ತರುತ್ತಾರೆ. ಕಡತ ಕಾಪಾಡುವ ಗುಣ ಮಾತುಕತೆಯನ್ನೂ ಕಾಪಾಡಿದ್ದು ಇಲ್ಲಿ. ಆ ಶಿಕ್ಷಕರು ಕೇಳಲು ಹಿಂಜರಿಯದಿದ್ದುದು ಗುಂಪಿನಲ್ಲಿದ್ದ ಬಹುತೇಕರನ್ನು ತರಬೇತಿಯಲ್ಲೋ ಮೌಲ್ಯಮಾಪನ ಕೇಂದ್ರದಲ್ಲೋ ಮುಖತಃ ಕಂಡಿದ್ದರಿಂದ.

ಗುಂಪು ಚಿಕ್ಕದಿದ್ದರೂ ಮಾತು ಕಲಸಿಹೋಗದಿರಲು 2022ರ ನವೆಂಬರ್‌ನಲ್ಲಿ ಬಂದ ‘ಟಾಪಿಕ್ಸ್’ ಸೌಲಭ್ಯ ನೆರವಾಗುತ್ತದೆ. ಒಂದೇ ಗುಂಪಿನೊಳಗೆ ಎಂಟು, ಒಂಬತ್ತು, ಹತ್ತನೇ ತರಗತಿಗೆ ಒಂದೊಂದು ವಿಭಾಗ, ಸುತ್ತೋಲೆಗೊಂದು, ಶುಭಾಶಯ ಮತ್ತು ಬೀಳ್ಕೊಡುಗೆಯ ಸಂಗತಿಗಳಿಗೊಂದು ವಿಭಾಗ ಮಾಡಿಕೊಂಡರೆ, ಬೇಡದ ವಿಭಾಗವನ್ನು ಮ್ಯೂಟ್ ಮಾಡಿ ನೆಮ್ಮದಿಯಾಗಿರಬಹುದು. ಶುಭಾಶಯಗಳನ್ನು ನಿಷೇಧಿಸಿದ ಗುಂಪುಗಳು ಬಹಳ ಕಾಲ ಬಾಳುವುದಿಲ್ಲ, ಅವಕ್ಕೊಂದು ಮನೆ ಮಾಡಿಕೊಟ್ಟ ಗುಂಪುಗಳು ಬಾಳುತ್ತವೆ. ರಸಪ್ರಶ್ನೆಯ ಮಾದರಿಯಲ್ಲಿ ಸರಿ ಉತ್ತರ ಗುರುತಿಸುವ ಪೋಲ್ ಕೂಡ ಒಳ್ಳೆಯ ಸೌಲಭ್ಯ. ಬಹು ಆಯ್ಕೆ ಪ್ರಶ್ನೆಗಳನ್ನು ಮಕ್ಕಳಿಗೆ ಕೊಡುವ ಮುನ್ನ ಶಿಕ್ಷಕರಲ್ಲೇ ಒಂದು ಸುತ್ತು ಹಾಕಿ ನೋಡಿದರೆ, ಎರಡು ಉತ್ತರ ಸರಿಯಾಗುವ ಪ್ರಶ್ನೆಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಚಾನೆಲ್ ಎಂಬುದು ಬೇರೆ. ಅಲ್ಲಿ ಅಡ್ಮಿನ್ ಹೇಳಿದ್ದನ್ನು ಉಳಿದವರು ಕೇಳಿಸಿಕೊಳ್ಳಬೇಕಷ್ಟೆ, ಆದ್ದರಿಂದ ಪತ್ರಿಕೆಗಳನ್ನು ಹಂಚುವವರಿಗೆ ಅದು ಸಾಕು.

ಸುರಕ್ಷತೆಯ ಬಗ್ಗೆ ಎಚ್ಚರದ ಮಾತೊಂದನ್ನು ಹೇಳಲೇಬೇಕು. ಟೆಲಿಗ್ರಾಂ ಎಂದರೆ ಬಲು ಗುಟ್ಟಿನದು ಎಂಬ ನಂಬಿಕೆ ಸ್ಟಾಫ್ ರೂಮುಗಳಲ್ಲಿ ಹರಡಿದೆ. ವಾಟ್ಸ್ಆ್ಯಪ್ಪಿನ ಗುಂಪುಗಳಲ್ಲಿ ಸಂದೇಶ ಕಳಿಸಿದವರಿಗೂ ಪಡೆದವರಿಗೂ ಹೊರತಾಗಿ ಕಂಪನಿಯೂ ಓದಲಾಗದಂತಹ ಗೂಢಲಿಪಿ ಇದೆ. ಟೆಲಿಗ್ರಾಂನಲ್ಲಿ ಆ ಬಗೆಯ ಕಾವಲು ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ಗೆ ಮಾತ್ರ, ಗುಂಪುಗಳಿಗೆ ಇಲ್ಲ. ಹಾಗಾಗಿ ಮಕ್ಕಳ ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ವಿದ್ಯಾರ್ಥಿ ದಾಖಲೆಯ ಗುರುತಿನ ಸಂಖ್ಯೆ), ಆಧಾರ್ ಪ್ರತಿ, ಜಾತಿ ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಇಲ್ಲಿ ಹಾಕಲೇಬಾರದು, ಆತುರದ ಮಾಹಿತಿ ಯಾರೇ ಕೇಳಿದ್ದರೂ ಸರಿ. ಇನ್ನು ಸಾರ್ವಜನಿಕ ಗುಂಪು ಮಾಡಿದರೆ ಹುಡುಕಿದವರೆಲ್ಲ ಸೇರಬಹುದು. ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರು, ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಮುಂಚೆಯೇ ಕೊಡುತ್ತೇವೆಂದು ಮಕ್ಕಳನ್ನು ವಂಚಿಸುವವರು ಇಂಥ ಬಾಗಿಲುಗಳಿಗೇ ಕಾದಿರುತ್ತಾರೆ. ಗುಂಪನ್ನು ಖಾಸಗಿಯಾಗಿಟ್ಟು, ಸೇರಲು ಅಡ್ಮಿನ್ ಒಪ್ಪಿಗೆ ಬೇಕೆಂಬ ಕೊಂಡಿ ಕೊಟ್ಟು, ಕೋರಿಕೆ ಬಂದಾಗ ಯಾವ ಶಾಲೆ, ಯಾವ ವಿಷಯ ಎಂದು ವಿಚಾರಿಸಿಯೇ ಒಳಬಿಡುವುದು ಒಳಿತು.

ಐದಕ್ಕೆ ಅಂಕ ಕೊಡುವುದಾದರೆ, ಕಡತ ಭಂಡಾರವಾಗಿ ಟೆಲಿಗ್ರಾಂಗೆ ನಾಲ್ಕೂವರೆ ಕೊಡುತ್ತೇನೆ; ರಾಜ್ಯಮಟ್ಟದ ಚರ್ಚೆಗೆ ಎರಡು; ತಾಲ್ಲೂಕಿನ ಒಂದೇ ವಿಷಯದ ಶಿಕ್ಷಕರು ನೂರರ ಆಸುಪಾಸಿನಲ್ಲಿ ಸೇರಿದ, ನೋಡಿಕೊಳ್ಳಲು ಒಬ್ಬರಾದರೂ ಹೊಣೆಗಾರರಿರುವ ಗುಂಪಿಗೆ ನಾಲ್ಕು. ವಾಟ್ಸ್ಆ್ಯಪ್ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಇಲಾಖೆಯ ತುರ್ತು ಸೂಚನೆಗಳು ಅಲ್ಲಿಯೇ ಬರುತ್ತವೆ, ಬರಲಿ. ಪಾಠದ ಸಂಗತಿಯನ್ನಷ್ಟೇ ಇತ್ತ ತಂದರೆ ಸಾಕು.

ಗುಂಪು ಮಾಡುವವರು ಮೊದಲ ದಿನವೇ ಮಾಡಿಡಬೇಕಾದ ಕೆಲಸವೊಂದಿದೆ. ಗುಂಪು ಹುಟ್ಟುಹಾಕಿದವರು ವರ್ಗಾವಣೆಯಾಗಿಯೋ ನಿವೃತ್ತರಾಗಿಯೋ ಹೋಗುವಾಗ ಒಡೆತನವನ್ನು ಇನ್ನೊಬ್ಬರಿಗೆ ವಹಿಸಬೇಕಾಗುತ್ತದೆ. ಆದರೆ ಖಾತೆಗೆ ಎರಡು ಹಂತದ ಪಾಸ್‌ವರ್ಡ್ ಹಾಕಿ ಕನಿಷ್ಠ 7 ದಿನ ಕಳೆಯದೆ ಟೆಲಿಗ್ರಾಂ ಅದಕ್ಕೆ ಅವಕಾಶ ಕೊಡುವುದಿಲ್ಲ. ಬಿಡುಗಡೆಯ ಆದೇಶ ಕೈಗೆ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕಿದರೆ ಹೊತ್ತು ಸಾಲದು. ಆದ್ದರಿಂದ ಆ ಪಾಸ್‌ವರ್ಡನ್ನು ಈಗಲೇ ಹಾಕಿಡಿ, ಜೊತೆಗೆ ಬೇರೆ ಬೇರೆ ಶಾಲೆಯ ಇಬ್ಬರನ್ನಾದರೂ ಅಡ್ಮಿನ್ ಮಾಡಿಕೊಳ್ಳಿ.