ಖನಿಜ ಬೆರೆತ ರಬ್ಬರ್ ಹಾಳೆ: ಹನಿ ಜಾರುವುದು ಬೇರೆ, ನೀರು ಹೀರದಿರುವುದು ಬೇರೆ

ಸದಾ ತೇವದಲ್ಲಿಯೇ ಇರುವ ಪಂಪಿನ ಅಡಿಗೆ ಹಾಸುವುದಕ್ಕಾಗಿ ಆರು ತಿಂಗಳ ಹಿಂದೆ ನೈಸರ್ಗಿಕ ರಬ್ಬರಿನ ಹಾಳೆಯೊಂದನ್ನು ಕೊಂಡೆ. ಸ್ಟಿಯರಿಕ್ ಆಮ್ಲ ಎಂಬ ಮೇಣದಂಥ ಕೊಬ್ಬಿನಾಮ್ಲದ ಲೇಪವಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ನುಣ್ಣನೆಯ ಟಾಲ್ಕ್, ಅಂದರೆ ಬಳಪದ ಕಲ್ಲಿನ ಪುಡಿ, ಇವೆರಡನ್ನೂ ಬೆರೆಸಿರುವುದರಿಂದ ನೀರು ಇದಕ್ಕೆ ಅಂಟುವುದಿಲ್ಲ ಎಂದು ತಯಾರಕರ ವಿವರಣೆಯಲ್ಲಿ ಬರೆದಿತ್ತು. ಅದೇ ಜಾಗದಲ್ಲಿ ಮೊದಲಿದ್ದ ಸಾಮಾನ್ಯ ಹಾಳೆ ಅಂಚುಗಳಲ್ಲಿ ಉಬ್ಬಿ ಬಿಳಚಿಕೊಂಡಿತ್ತು. ಹೊಸದು ಇನ್ನೂ ಹಾಗಾಗಿಲ್ಲ.

ರಬ್ಬರ್ ನೀರನ್ನು ಹೀರುವುದಾದರೂ ಏಕೆ ಎಂಬ ಪ್ರಶ್ನೆ ಇಲ್ಲಿ ಮುಖ್ಯವಾದುದು. ರಬ್ಬರಿನ ಹೈಡ್ರೋಕಾರ್ಬನ್ ಸರಪಳಿಗೂ ನೀರಿಗೂ ಹೊಂದಿಕೆಯಿಲ್ಲ. ಆದರೆ ಮರದ ಹಾಲಿನ ಜೊತೆಗೇ ಬಂದ ಪ್ರೋಟೀನು, ಸಕ್ಕರೆ ಮತ್ತು ಲವಣಗಳು ಗಟ್ಟಿಯಾದ ರಬ್ಬರಿನೊಳಗೂ ಅಲ್ಪ ಪ್ರಮಾಣದಲ್ಲಿ ಉಳಿದು, ಪರಾಸರಣದ, ಅಂದರೆ ಲವಣ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಸಾಗುವ ಕ್ರಿಯೆಯ, ಬಲದಿಂದ ನೀರನ್ನು ಒಳಕ್ಕೆ ಎಳೆಯುತ್ತವೆ. ಹಳೆಯ ಹಾಳೆಯ ಎರಡು ತುಂಡುಗಳನ್ನು ಒಂದು ವಾರ ಸಿಹಿನೀರಿನಲ್ಲಿ ಮತ್ತು ಉಪ್ಪುನೀರಿನಲ್ಲಿ ಬೇರೆಬೇರೆಯಾಗಿ ನೆನೆಸಿಟ್ಟಾಗ, ಸಿಹಿನೀರಿನಲ್ಲಿದ್ದ ತುಂಡೇ ಹೆಚ್ಚು ತೂಗಿತು. ಹೊರಗಿನ ನೀರಿನಲ್ಲಿಯೂ ಲವಣವಿದ್ದರೆ ಒಳಗಿನ ಸೆಳೆತ ಕುಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಖನಿಜದ ಪುಡಿ ಈ ಸೆಳೆತವನ್ನು ಅಳಿಸುವುದಿಲ್ಲ, ಆದರೆ ನೀರಿನ ದಾರಿಯನ್ನು ಉದ್ದವಾಗಿಸುತ್ತದೆ. ಟಾಲ್ಕ್‌ನ ಕಣಗಳು ತೆಳುವಾದ ಬಿಲ್ಲೆಗಳಂತಿರುವುದರಿಂದ, ಅವು ಹಾಳೆಗೆ ಸಮಾನಾಂತರವಾಗಿ ಮಲಗಿದರೆ ನೀರು ಅವನ್ನು ಸುತ್ತಿ ಬಳಸಿ ಸಾಗಬೇಕಾಗುತ್ತದೆ. ಆ ಬಿಲ್ಲೆಗಳ ಅಗಲವಾದ ಮುಖಗಳಿಗೂ ನೀರು ಒಗ್ಗದು. ಕಾರ್ಬೊನೇಟ್ ಕಣಕ್ಕೆ ಸ್ಟಿಯರಿಕ್ ಆಮ್ಲದ ಒಂದು ತುದಿ ಅಂಟಿಕೊಂಡು, ಎಣ್ಣೆಯ ಗುಣದ ಬಾಲ ಹೊರಗೆ ಚಾಚಿರುತ್ತದೆ. ರಬ್ಬರಿಗೆ ಬೆರೆಸುವ ಇನ್ನೊಂದು ಪುಡಿಯಾದ ಸಿಲಿಕಾಕ್ಕೆ ಲೇಪವಿಲ್ಲದಿದ್ದರೆ, ಅದರ ಮೈಯ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕ) ಗುಂಪುಗಳಾದರೋ ನೀರನ್ನು ಬರಮಾಡಿಕೊಳ್ಳುತ್ತವೆ. ಆದ್ದರಿಂದಲೇ ಅದಕ್ಕೆ ಸೈಲೇನ್ ಎಂಬ ಸಿಲಿಕಾನ್ ಸಂಯುಕ್ತದ ಸಂಸ್ಕರಣೆ ಬೇಕಾಗುತ್ತದೆ. ಖನಿಜ ಬೆರೆಸಿದೆ ಎಂಬ ಮಾತನ್ನಷ್ಟೇ ನಂಬಿ ಯಾರೂ ಕೊಳ್ಳಬಾರದು, ಯಾವ ಖನಿಜ, ಯಾವ ಲೇಪ ಎಂದು ಕೇಳಬೇಕು.

ಹೊಸ ಹಾಳೆಯೂ ಸಿಹಿನೀರಿನಲ್ಲಿ ವಾರ ಕಳೆಯಿತು, ಅದರ ತೂಕ ಸ್ವಲ್ಪವೇ ಏರಿತು. ಆದರೆ ಶೇಕಡಾವಾರು ತೂಕವನ್ನು ನೋಡಿ ಹಿಗ್ಗುವ ಮುನ್ನ ಒಂದು ಎಚ್ಚರಿಕೆ ಅಗತ್ಯ. 100 ಭಾಗ ರಬ್ಬರಿಗೆ ತೂಕದಲ್ಲಿ 50 ಭಾಗ ಕಾರ್ಬೊನೇಟ್ ಸೇರಿಸಿದರೆ, ಹೀರುವ ರಬ್ಬರಿನ ಪಾಲು ಒಟ್ಟು ತೂಕದ ಮೂರರಲ್ಲಿ ಎರಡಕ್ಕೆ ಇಳಿಯುತ್ತದೆ. ಕಾರ್ಬೊನೇಟ್ ರಬ್ಬರಿನ ಸುಮಾರು ಮೂರು ಪಟ್ಟು ಸಾಂದ್ರವಾದುದರಿಂದ ಗಾತ್ರದಲ್ಲಿ ಅದು ಆಕ್ರಮಿಸುವುದು ಶೇ. 15ರಷ್ಟು ಮಾತ್ರ. ಹೀಗಾಗಿ ಸಮಾನ ಗಾತ್ರದ ತುಂಡುಗಳನ್ನು ಹೋಲಿಸುವುದೇ ನ್ಯಾಯ. ಹಾಗೆ ಹೋಲಿಸಿದಾಗಲೂ ಹೊಸ ಹಾಳೆಯೇ ಮೇಲಾಗಿತ್ತು, ಆದರೆ ಅಂತರ ಕಿರಿದಾಯಿತು.

ಮೇಲ್ಮೈಯ ವಿಷಯದಲ್ಲಿ ಮಾತ್ರ ತಯಾರಕರ ವಿವರಣೆ ಅತಿಯಾಯಿತು ಎಂದು ನನ್ನ ಅಭಿಪ್ರಾಯ. ನೀರಿನ ಹನಿ ಮತ್ತು ಮೇಲ್ಮೈ ನಡುವಿನ ಸಂಪರ್ಕ ಕೋನ 90 ಡಿಗ್ರಿ ಮೀರಿದರೆ ಅದನ್ನು ಜಲವಿಕರ್ಷಕ ಎನ್ನುತ್ತಾರೆ. ತಾವರೆ ಎಲೆಯಂತೆ ಹನಿ ಉರುಳಿಹೋಗಬೇಕಾದರೆ 150 ಡಿಗ್ರಿಯ ಆಚೆಗೆ ಹೋಗಬೇಕು, ಅದಕ್ಕೆ ಸೂಕ್ಷ್ಮವಾದ ಉಬ್ಬುತಗ್ಗುಗಳೂ ಬೇಕು. ಈ ನುಣುಪಾದ ಹಾಳೆಯ ಮೇಲೆ ಹನಿ ದುಂಡಗೆ ನಿಲ್ಲುತ್ತದೆ, ಓರೆ ಮಾಡಿದರೂ ಅಂಟಿಕೊಂಡೇ ಇರುತ್ತದೆ. ಸಾಬೂನು ನೀರು ಬಿದ್ದ ಮೇಲೆ ಚೆನ್ನಾಗಿ ತೊಳೆಯದಿದ್ದರೆ ಹನಿ ಹರಡಿಬಿಡುತ್ತದೆ. ಆಮ್ಲೀಯ ಶುಚಿಕಾರಕವನ್ನಂತೂ ಹತ್ತಿರ ತರಬಾರದು, ಏಕೆಂದರೆ ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತದೆ.

ಇಂಥ ಪುಡಿಗಳು ರಬ್ಬರಿಗೆ ಬಿಗಿಯನ್ನು ಕೊಡುತ್ತವೆಯೇ ಹೊರತು ಸೀಳಿಹೋಗದಂತೆ ಹಿಡಿದಿಡುವ ಬಲವನ್ನು ಅಷ್ಟಾಗಿ ಕೊಡುವುದಿಲ್ಲ. ಉಳಿದ ತುಂಡನ್ನು ಮಡಿಸಿಟ್ಟಿದ್ದೆ. ಮಡಿಕೆಯ ಉದ್ದಕ್ಕೂ ಬಿರುಕು ಬಿಟ್ಟಿದೆ. ಕೊಳ್ಳುವವರು ಇದನ್ನು ಸುರುಳಿ ಸುತ್ತಿಯೇ ಇಡಬೇಕು.